ಸೋರುವ ಕಾರು, ಹಿತ್ತಾಳೆಯ ಪರಾತ

ಎಪ್ಪತ್ತರ ದಶಕದ ಮಾತು. ಮಗಳಿಗೆ ಗಂಡು ನೋಡಲು ಪುಣೆಯ ಧನಕವಡಿಯಲ್ಲಿದ್ದ ಕನ್ನಡದವರೊಬ್ಬರ ಮನೆಗೆ ಹೊರಟಾಗ ನನ್ನ ಹಳೆಯ ಕಾರಿನ ಎಂಜಿನ್ ಆಯಿಲ್ ಸೋರುತ್ತಿತ್ತು. ಹೆಚ್ಚೇನಲ್ಲ, ನಿಂತಲ್ಲಿ ಅಂಗೈಯಗಲ ಕಲೆ. ಆ ಮನೆಯ ಅಂಗಳಕ್ಕೆ ಆಗಷ್ಟೇ ಶಹಾಬಾದಿ ಕಲ್ಲು ಹಾಸಿದ್ದರು. ನಾನು ಗೇಟಿನ ಹೊರಗೇ ನಿಲ್ಲಿಸಿದೆ.

"ಒಳಗ ತರ್ರಿ. ಮನಿಗೆ ಬಂದವ್ರ ಗಾಡಿ ರಸ್ತಾದಾಗ ನಿಲ್ಲಸೂದೇನ್ರಿ?" ಎಂದರು ಹುಡುಗನ ತಂದೆ.

"ಆಯಿಲ್ ಸೋರ್ತದ್ರಿ. ನಿಮ್ಮ ಕಲ್ಲು ಕೆಡ್ತಾವ."

ಹೆಂಡತಿ ತೋಳು ಚಿವುಟಿದಳು. ಹೆಣ್ಣಿನ ಕಡೆಯವರು ತಮ್ಮ ಕೊರತೆ ತಾವೇ ಸಾರಬಾರದಂತೆ. ಇದ್ದದ್ದನ್ನು ಇದ್ದ ಹಾಗೆ ಹೇಳುವುದು ನನ್ನ ಪದ್ಧತಿ.

ಅವರು ಕೇಳಲಿಲ್ಲ, ಕಾರು ಒಳಗೆ ಬಂತು. ಆಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಉಪ್ಪಿಟ್ಟಿನ ತುತ್ತಿಗೊಮ್ಮೆ ಎದ್ದು ಕಿಟಕಿಗೆ ಹೋಗಿ ಬರುತ್ತಿದ್ದೆ.

"ಯಾಕ್ರೀ, ನಮ್ಮ ಹುಡುಗ ಮನಸ್ಸಿಗೆ ಬರಲಿಲ್ಲೇನು? ಓಡಿ ಹೋಗವ್ರಂಗ ಕಾಣ್ತೀರಿ," ಎಂದರು ಹುಡುಗನ ತಾಯಿ.

"ಹುಡುಗ ಭಾಳ ಚಲೋ ಅದಾನ್ರಿ. ಕಲ್ಲಿನ ಚಿಂತಿ."

ಆಕೆ ಒಳಗೆ ಹೋಗಿ, ಹಿಟ್ಟು ನಾದುವ ಹಿತ್ತಾಳೆಯ ಪರಾತ ತಂದು ಕಾರಿನ ಕೆಳಗೆ ತಳ್ಳಿದರು. "ಈಗರ ಕೂಡ್ರಿ."

ಹೊರಡುವಾಗ ಪರಾತದ ತಳದಲ್ಲಿ ಕರಿ ಎಣ್ಣೆ ನಿಂತಿತ್ತು. ನಾನೇ ತಿಕ್ಕಿ ತಂದುಕೊಡುತ್ತೇನೆಂದು ಹಟ ಹಿಡಿದು ಡಿಕ್ಕಿಯಲ್ಲಿಟ್ಟೆ.

"ಒಯ್ರಿ. ಆದ್ರ ಖಾಲಿ ಪರಾತ ತರಬ್ಯಾಡ್ರಿ ಮತ್ತ," ಎಂದು ಆಕೆ ನಕ್ಕರು.

ದಾರಿಯಲ್ಲಿ ಹೆಂಡತಿಯನ್ನು ಕೇಳಿದೆ, "ಏನು ತುಂಬಿ ಕೊಡಬೇಕಂತ?"

"ಪೇಢೆ ರೀ! ಅವರು ಸಂಬಂಧಕ್ಕ ಒಪ್ಪಿದ್ರು, ನಿಮಗ ಅಷ್ಟೂ ತಿಳೀಲಿಲ್ಲ?"

ಮನೆಗೆ ಬಂದು ಸೀಮೆಎಣ್ಣೆ, ಬೂದಿ ಹಾಕಿ ತಿಕ್ಕಿದೆ. ಪೇಢೆ ಒಯ್ಯುವ ದಿನ ಸೀಮೆಎಣ್ಣೆಯ ಮಾತು ಎತ್ತಬಾರದೆಂದು ಹೆಂಡತಿ ಆಣೆ ಮಾಡಿಸಿಕೊಂಡಳು. ಪುಣ್ಯಕ್ಕೆ ಅಲ್ಲಿ ಯಾರೂ ಕೇಳಲಿಲ್ಲ, ಕೇಳಿದ್ದರೆ ಹೇಳಿಯೇಬಿಡುತ್ತಿದ್ದೆ.