ಎಡಗೋಡೆ ಅಪ್ಪನದ್ದು

ಕಳೆದ ವರ್ಷ ಜುಲೈಯ ಮಳೆಗೆ ಘಟ್ಟದ ಕೆಳಗಿನ ಸವಣೂರಿನ ನಮ್ಮ ಕುಟುಂಬದ ಜಾಗದಲ್ಲಿ ಗುಡ್ಡ ಜರಿದು ಸುರಂಗದ ಬಾಯಿ ಮುಚ್ಚಿಹೋಯಿತು. ಯಾರಿಗೂ ಪೆಟ್ಟಾಗಲಿಲ್ಲ. ಕೊಳವೆಬಾವಿ ಇರುವುದರಿಂದ ನೀರಿಗೂ ತೊಂದರೆಯಾಗಲಿಲ್ಲ.

ನಮ್ಮ ಕಡೆಯ ಸುರಂಗ ಅಡ್ಡ ಮಲಗಿಸಿದ ಬಾವಿಯಿದ್ದಂತೆ. ಕೆಂಪುಕಲ್ಲಿನ ಗುಡ್ಡಕ್ಕೆ, ಒಬ್ಬ ಬಗ್ಗಿ ಹೋಗುವಷ್ಟು ಅಗಲಕ್ಕೆ, ಒರತೆ ಸಿಗುವವರೆಗೆ ಕೊರೆಯುತ್ತಾರೆ. ನಮ್ಮದನ್ನು ಅಪ್ಪ ಮತ್ತು ದೊಡ್ಡಪ್ಪ ಹರೆಯದಲ್ಲಿ ತಾವೇ ಕೊರೆದಿದ್ದರು. ಬಾಯಿಯ ಮುಂದೆ ಗುಡ್ಡವನ್ನು ಓಣಿಯ ಹಾಗೆ ಕಡಿದಿದ್ದರು. ಒಳಗೆ ಮುಖ ಮಾಡಿ ನಿಂತರೆ ಎಡಗೋಡೆ ಅಪ್ಪ ಕಡಿದದ್ದು, ಬಲಗೋಡೆ ದೊಡ್ಡಪ್ಪ ಕಡಿದದ್ದು. ಊರವರ ಬಾಯಲ್ಲಿ ಮಾತ್ರ ಇಡೀ ಸುರಂಗ ದೊಡ್ಡಪ್ಪನದ್ದು. ಅವರು ಮಾತುಗಾರರು, ನಾಲ್ಕು ಜನ ಸೇರಿದಲ್ಲಿ ಸುರಂಗದ ಕಥೆ ಹೇಳುತ್ತಿದ್ದವರು. ಅವರು ತೀರಿಕೊಂಡ ಮೇಲೂ ಹೆಸರು ಹಾಗೇ ಉಳಿಯಿತು. ಅಪ್ಪ ಯಾರನ್ನೂ ತಿದ್ದಿದ್ದು ನಾನು ಕೇಳಿಲ್ಲ.

ಅಪ್ಪ ಈಗ ದರ್ಬೆ ಪೇಟೆಯಲ್ಲಿ ನನ್ನ ಮತ್ತು ನನ್ನ ಹೆಂಡತಿಯ ಜತೆ ಇದ್ದಾರೆ. ಗ್ಲಾಕೋಮಾದಿಂದ ಎರಡು ಕಣ್ಣೂ ಕಾಣುವುದಿಲ್ಲ. ಗುಡ್ಡ ಜರಿದದ್ದನ್ನು ದೊಡ್ಡಪ್ಪನ ಮಗ ಫೋನಿನಲ್ಲಿ ಹೇಳಿದಾಗ ಅವರು ಕೇಳಿದ್ದು ಒಂದೇ.

"ಎಡಗೋಡೆ ಉಂಟಾ?"

"ಇಲ್ಲ ಚಿಕ್ಕಪ್ಪ. ಎರಡೂ ಹೋಯ್ತು."

ಅಪ್ಪ ಫೋನನ್ನು ನನ್ನ ಕೈಗೆ ಕೊಟ್ಟರು. ಆಮೇಲೆ, "ನೀನು ಬಂಡೆ-ಗಿಂಡೆ ಎಲ್ಲ ಮಾಡ್ತೀಯಲ್ಲ, ಇದನ್ನೂ ಒಂದು ಮಾಡು. ಆ ಬದಿ ನಾನು ಕಡ್ದದ್ದು ಅಂತ ಮುಟ್ಟಿದವರಿಗೆ ಗೊತ್ತಾಗ್ಬೇಕು," ಎಂದರು.

ಪತ್ರಿಕೆಯ ಕೆಲಸ ಬಿಟ್ಟರೆ ನನಗಿರುವುದು ಇದೊಂದೇ ಹವ್ಯಾಸ. ಮೇಜಿನ ಮೇಲೆ ಹಿಡಿಸುವಂಥ ಚಿಕ್ಕ ದೃಶ್ಯಗಳ ಮಾದರಿ ಮಾಡುತ್ತೇನೆ, ಅದರಲ್ಲೂ ಬಂಡೆಗಳನ್ನು. ಘಾಟಿಯ ರೈಲು ಹಳಿಯ ಪಕ್ಕದ ಕರಿಬಂಡೆ ಮಾಡಿ ಫೋಟೋ ತೋರಿಸಿದಾಗ ನಮ್ಮ ಕಚೇರಿಯ ಛಾಯಾಗ್ರಾಹಕ, "ಇಲ್ಲಿಗೆ ಯಾವಾಗ ಹೋದದ್ದು ಮಾರಾಯ್ರೆ, ನನ್ನನ್ನು ಕರೀಲೇ ಇಲ್ಲ?" ಎಂದು ಕೇಳಿದ್ದ. ಆ ಮಾತು ಈಗಲೂ ನನಗೆ ಹೆಮ್ಮೆಯದ್ದು. ಆದರೆ ಕರಿಬಂಡೆ ಕಷ್ಟವಲ್ಲ. ಮುದುಡಿದ ಅಲ್ಯೂಮಿನಿಯಂ ಹಾಳೆಯ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹೊಯ್ದು, ಗಟ್ಟಿಯಾದ ಮೇಲೆ ಹಾಳೆ ಸುಲಿದರೆ ಬಿರುಕೂ ಅಂಚೂ ತಾವಾಗಿ ಬರುತ್ತವೆ. ತೆಳು ಕಪ್ಪು ಬಣ್ಣ ಹರಿಸಿದರೆ ಅದು ತಗ್ಗುಗಳಲ್ಲಿ ನಿಲ್ಲುತ್ತದೆ. ಒಣಗಿದ ಬ್ರಷ್ಷಿನಲ್ಲಿ ಬೂದು ಬಣ್ಣ ಸವರಿದರೆ ಉಬ್ಬುಗಳು ಎದ್ದು ಕಾಣುತ್ತವೆ.

ಕೆಂಪುಕಲ್ಲಿಗೆ ಈ ಉಪಾಯ ನಡೆಯುವುದಿಲ್ಲ. ಅದರ ಮೈಯೆಲ್ಲ ತೂತು, ಒಂದರಂತೆ ಇನ್ನೊಂದಿಲ್ಲ. ಮೊಳೆಯಿಂದ ಚುಚ್ಚಿದೆ, ರವೆ ಜರಡಿಯ ಹಾಗೆ ಕಂಡಿತು. ಸ್ಪಂಜು ಒತ್ತಿದೆ, ನೀರುದೋಸೆಯ ಹಾಗಾಯಿತು. ಕೊನೆಗೆ ಹೊಳೆದದ್ದು ಕಲ್ಲುಪ್ಪು. ಪ್ಲಾಸ್ಟರ್ ಹಸಿ ಇರುವಾಗಲೇ ಉಪ್ಪಿನ ಹರಳುಗಳನ್ನು ಒತ್ತಿ, ಗಟ್ಟಿಯಾದ ಮೇಲೆ ನೀರಿನಲ್ಲಿ ಮುಳುಗಿಸಿಟ್ಟರೆ ಉಪ್ಪು ಕರಗಿ ತೂತು ಉಳಿಯುತ್ತದೆ.

"ಅದು ಉಪ್ಪಿನಕಾಯಿಗೆ ಇಟ್ಟ ಉಪ್ಪು," ಹೆಂಡತಿ ಡಬ್ಬ ಕಿತ್ತುಕೊಂಡಳು. "ನಿಮ್ಮ ಗುಡ್ಡೆಗೆ ಬೇಕಾದ್ರೆ ಬೇರೆ ತನ್ನಿ."

ಜಗಲಿಯಿಂದ ಅಪ್ಪ ಕೂಗಿ ಹೇಳಿದರು, "ನನ್ನ ಪಾಲಿಂದು ಕೊಡು ಮಗಳೇ. ಡಾಕ್ಟ್ರು ಹೇಗೂ ನನಗೆ ಉಪ್ಪು ಬೇಡ ಅಂತ ಹೇಳಿದ್ದಾರಲ್ಲ!"

ದೊಡ್ಡಪ್ಪನ ಮಗ ಕಳಿಸಿದ ಹಳೆಯ ಫೋಟೋಗಳನ್ನು ಎದುರಿಗಿಟ್ಟುಕೊಂಡು ಓಣಿ, ಎರಡು ಗೋಡೆ, ನಡುವೆ ಸುರಂಗದ ಬಾಯಿ, ಎಲ್ಲ ಮಾಡಿದೆ. ಗುಡ್ಡ ಕಡಿಯುವ ಪಿಕ್ಕಾಸಿನ ಪೆಟ್ಟುಗಳನ್ನು ಸಣ್ಣ ಉಳಿಯಿಂದ ಕೆತ್ತಿದೆ. ಕೆಮ್ಮಣ್ಣು ಅರೆದು ಬಣ್ಣಕ್ಕೆ ಸೇರಿಸಿದೆ. ನೆತ್ತಿಯಲ್ಲಿ, ಬೇರು ಇಳಿಯುವಲ್ಲಿ, ಸ್ವಲ್ಪ ಕಪ್ಪು ಕೊಟ್ಟೆ. ಫೋಟೋದ ಪಕ್ಕ ಇಟ್ಟು ನೋಡಿದಾಗ ಎಲ್ಲಿಯೂ ವ್ಯತ್ಯಾಸ ಕಾಣಲಿಲ್ಲ. ಅಪ್ಪನ ಮುಂದೆ ತಂದಿಟ್ಟೆ.

ಅವರು ಬಲಗೋಡೆಯನ್ನು ಮೇಲಿಂದ ಕೆಳಗೆ ಸವರಿದರು. "ಹಾಂ, ಅಣ್ಣ," ಎಂದರು. ಕೈಯನ್ನು ಎಡಕ್ಕೆ ತಂದರು. ಇನ್ನೊಮ್ಮೆ ಸವರಿದರು.

"ಇದೂ ಅಣ್ಣನೇ. ಎರಡೂ ಬದಿ ಅವನೇ ಕಡ್ದದ್ದಾದ್ರೆ ನಾನೆಂತ ಚಾ ಕಾಸ್ಲಿಕ್ಕೆ ಹೋದದ್ದಾ ಮಾರಾಯ?"

ಹೆಂಡತಿ ನಕ್ಕಳು. ಅಪ್ಪ ನಗಲಿಲ್ಲ.

ಅಪ್ಪ ಎಡಗೈಯವರು. ಅಜ್ಜಿಯ ಗದರಿಕೆಗೆ ಊಟ ಮಾತ್ರ ಬಲಗೈಗೆ ಬಂದಿತ್ತು. ಕತ್ತಿ, ಪಿಕ್ಕಾಸು ಎಲ್ಲ ಎಡಗೈಯಲ್ಲೇ ಹಿಡಿಯುತ್ತಿದ್ದರು. ಬಲಗೈಯವನ ಪೆಟ್ಟು ಬಲದಿಂದ ಎಡಕ್ಕೆ ಓರೆಯಾಗಿ ಇಳಿಯುತ್ತದೆ, ಎಡಗೈಯವನದು ಎಡದಿಂದ ಬಲಕ್ಕೆ. ನಾನು ಬಲಗೈಯವ. ಮಸುಕಾದ ಫೋಟೋದಲ್ಲಿ ಗೆರೆಯ ಓರೆ ಕಾಣದಿದ್ದಲ್ಲೆಲ್ಲ ನನ್ನ ಕೈಗೆ ಸುಲಭವಾದ ಹಾಗೆ ಎರಡೂ ಗೋಡೆ ಕೆತ್ತಿದ್ದೆ.

ಎಡಗೋಡೆಯನ್ನು ಕಿತ್ತು ಹೊಸದಾಗಿ ಹೊಯ್ದೆ. ಉಳಿಯನ್ನು ಬಲಗೈಯಲ್ಲೇ ಹಿಡಿದು ಗೆರೆಯನ್ನಷ್ಟೇ ತಿರುಗಿಸಿ ನೋಡಿದೆ. ಅದು ಚಿತ್ರ ಬಿಡಿಸಿದ ಹಾಗಿತ್ತು, ಕಡಿದ ಹಾಗಿರಲಿಲ್ಲ. ಹಾಗಾಗಿ ಎಡಗೈಗೆ ಬದಲಾಯಿಸಿದೆ. ಮೊದಲ ಎರಡು ತುಂಡು ಒಡೆದವು, ಹೆಬ್ಬೆರಳಿಗೂ ಒಂದು ಗಾಯವಾಯಿತು. ಕೈ ಪಳಗುವಷ್ಟರಲ್ಲಿ ನವರಾತ್ರಿ ಕಳೆದಿತ್ತು. ಮೂರನೆಯ ತುಂಡು ನಿಂತಿತು. ನಾನು ಮಾಡಿದ ಬಂಡೆಗಳಲ್ಲಿ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಅಪ್ಪ ಅದನ್ನು ಮೇಲಿಂದ ಕೆಳಗೆ ಸವರಿ ನೋಡಿದರು. ದೊಡ್ಡಪ್ಪನ ಮಗನಿಗೆ ಫೋನು ಹಚ್ಚಲು ಹೇಳಿದರು. ಅವನು ಮರುದಿನವೇ ಬಂದ. ಅಪ್ಪ ಅವನನ್ನು ಮೇಜಿನ ಮುಂದೆ ಕೂರಿಸಿದರು.

"ಕಣ್ಣು ಮುಚ್ಚು. ಮುಚ್ಚಿದ್ಯಾ?"

"ಮುಚ್ಚದಿದ್ರೂ ನಿಮಗೆ ಹೇಗೆ ಗೊತ್ತಾಗುದು ಚಿಕ್ಕಪ್ಪ?"

"ನಿನ್ನ ಅಪ್ಪನದ್ದೇ ಬಾಯಿ ನಿಂದು. ಮಾತಾಡದೆ ಮುಟ್ಟು."

ಅವನು ಬಲಗೋಡೆ ಮುಟ್ಟಿದ, ಎಡಗೋಡೆ ಮುಟ್ಟಿದ, ತಿರುಗಿ ಬಲಗೋಡೆಗೆ ಹೋದ.

"ಎರಡೂ ಬೇರೆ ಬೇರೆ ಕೈ," ಎಂದ.

"ಎಡದ್ದು ಯಾರ್ದು?"

"ನಿಮ್ಮದು ಚಿಕ್ಕಪ್ಪ."

"ಹಾಗೆ ಹೇಳು," ಎಂದರು ಅಪ್ಪ. ಕುರ್ಚಿಗೆ ಒರಗಿ, ಎಲ್ಲರಿಗೂ ಕಾಫಿ ತರಲು ನನ್ನ ಹೆಂಡತಿಗೆ ಹೇಳಿದರು.

ಆಮೇಲೆ ಪಂಜ ಊರಿನ ಸಂಬಂಧಿಕರ ಮನೆಯ ಪೂಜೆಯಲ್ಲಿ ಗುಡ್ಡ ಜರಿದ ಮಾತು ಬಂದಾಗ ದೊಡ್ಡಪ್ಪನ ಮಗ, "ಅಪ್ಪ, ಚಿಕ್ಕಪ್ಪ ಇಬ್ಬರು ಕಡ್ದ ಸುರಂಗ," ಎಂದದ್ದನ್ನು ನಾನು ಪಕ್ಕದಲ್ಲೇ ಕೂತು ಕೇಳಿದ್ದೇನೆ.

ಮಾದರಿ ಈಗ ನಮ್ಮ ಜಗಲಿಯಲ್ಲಿ, ಅಪ್ಪನ ಕುರ್ಚಿಯ ಪಕ್ಕದಲ್ಲಿದೆ. ಬಂದವರನ್ನೆಲ್ಲ ಕರೆದು ಅವರೇ ಕೈ ಹಿಡಿದು ಮುಟ್ಟಿಸುತ್ತಾರೆ. ಎಡಗೋಡೆಯ ಬಣ್ಣ ಬೆರಳು ತಾಗುವಲ್ಲಿ ಸವೆದು ಪ್ಲಾಸ್ಟರಿನ ಬಿಳಿ ಕಾಣುತ್ತದೆ. ಎರಡು ಸಲ ಹೊಸದಾಗಿ ಹಚ್ಚಿದ್ದೇನೆ. ಬಲಗೋಡೆಯಲ್ಲಿ ಮೊದಲು ಹಚ್ಚಿದ ಬಣ್ಣವೇ ಇದೆ.