ಹುಳಿ ಮುಟ್ಟಿಸಬಾರದಿದ್ದ ಚೆಂಬು

ಮೆಲ್ಬರ್ನಿನ ಹೊರವಲಯದ ವೆರಿಬೀಯ ನನ್ನ ಮನೆಯ ಗರಾಜಿನಲ್ಲಿ, ಪೇಂಟ್ ಡಬ್ಬಗಳ ಪಕ್ಕ, ಒಂದು ತಾಮ್ರದ ಚೆಂಬು ಇದೆ. ಊರ ಕಡೆಯವರು ಯಾರಾದರೂ ಬಂದರೆ ಅವರ ಕಣ್ಣು ಮೊದಲು ಹೋಗುವುದು ಅದರ ಮೇಲೆ. ಇಷ್ಟು ಒಳ್ಳೆಯ ಚೆಂಬನ್ನು ಹೀಗೆ ಕಂದು ಹಿಡಿಯಲು ಬಿಟ್ಟಿದ್ದೀಯಲ್ಲ, ಸ್ವಲ್ಪ ಹುಣಸೆಹುಳಿ, ಉಪ್ಪು ಹಾಕಿ ತಿಕ್ಕಬಾರದೇ ಎನ್ನುತ್ತಾರೆ. ತಾಮ್ರಕ್ಕೆ ಹೊಳಪು ತರುವುದು ಹೇಗೆಂದು ನನಗೇ ಪಾಠ ಹೇಳಿದರೆ ಮೈ ಉರಿಯುತ್ತದೆ. ಈ ದೇಶದಲ್ಲಿ ನಾನು ಅನ್ನ ಉಂಡದ್ದೇ ಆ ಕೆಲಸದಿಂದ. ಆದರೂ ಬಾಯಿ ಮುಚ್ಚಿಕೊಂಡು ಚಹಾ ಕೊಟ್ಟು ಕಳಿಸುತ್ತೇನೆ.

ನಾನು ಮೆಲ್ಬರ್ನಿಗೆ ಬಂದದ್ದು ವಿದ್ಯಾರ್ಥಿಯಾಗಿ. ಎರಡು ಸಾವಿರದ ಆರಂಭದ ವರ್ಷಗಳವು. ನನ್ನ ಜೊತೆ ಬಂದವರಲ್ಲಿ ಅರ್ಧ ಜನ ಅಡುಗೆ ಕಲಿಯಲು ಸೇರಿಕೊಂಡರು, ಪಿಆರ್, ಅಂದರೆ ಇಲ್ಲೇ ಕಾಯಂ ಇರುವ ಪರವಾನಗಿ, ಸಿಗುತ್ತದೆಂದು. ಈರುಳ್ಳಿ ಹೆಚ್ಚಿದರೆ ಕಣ್ಣೀರು ಬರುವ ನಾನು ವೆಲ್ಡಿಂಗ್ ಕಲಿತೆ. ಊರಿನಲ್ಲಿ ಅಮ್ಮ ಕೇಳಿದವರಿಗೆಲ್ಲ ಮಗ ಇಂಜಿನಿಯರಿಂಗ್ ಕಂಪನಿಯಲ್ಲಿದ್ದಾನೆ ಎನ್ನುತ್ತಿದ್ದಳು. ಸುಳ್ಳೇನೂ ಅಲ್ಲ. ಹಳೆಯ ಮನೆಗಳ ಮಾಡಿನ ಅಂಚಿಗೆ ಮಳೆನೀರು ಹಿಡಿಯುವ ತಾಮ್ರದ ದಂಬೆ, ಆ ನೀರು ಇಳಿಯುವ ಕೊಳವೆ, ಶ್ರೀಮಂತರ ಅಡುಗೆಮನೆಯ ಒಲೆಯ ಮೇಲಿನ ಹೊಗೆಗೂಡು, ಇವನ್ನೆಲ್ಲ ಮಾಡುವ ವರ್ಕ್‌ಶಾಪ್ ನಮ್ಮದು.

ಆಗಷ್ಟೇ ಬೆಸುಗೆ ಹಾಕಿದ ತಾಮ್ರವನ್ನು ನೋಡಿದವರಿಗೆ ಕೆಲಸ ಕೆಟ್ಟಿತೆಂದೇ ಅನಿಸುತ್ತದೆ. ಬೆಂಕಿ ತಾಗಿದಲ್ಲೆಲ್ಲ ಕಾವಲಿಯ ತಳದಂಥ ಕಪ್ಪು. ಜೋಡಿಸಿದಲ್ಲಿ ಹಸಿರುಗಾಜಿನಂತೆ ಗಟ್ಟಿಯಾದ ಫ್ಲಕ್ಸ್, ಅಂದರೆ ಬೆಸುಗೆ ಹರಿಯಲೆಂದು ಹಚ್ಚಿದ ಪುಡಿ. ಅವಸರ ಮಾಡಿ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ಬಿಸಿನೀರಿನಲ್ಲಿ ಮುಳುಗಿಸಿ ಫ್ಲಕ್ಸ್ ಕರಗಿಸಬೇಕು. ಆಮೇಲೆ ತೆಳು ಆಸಿಡ್ಡಿನ ತೊಟ್ಟಿ. ಈಜುಕೊಳದ ನೀರಿಗೆ ಹಾಕುವ ಪುಡಿಯನ್ನೇ ನಾವು ಅದಕ್ಕೆ ಬಳಸುತ್ತಿದ್ದೆವು. ಅದಕ್ಕೆ ಕಬ್ಬಿಣದ ಇಕ್ಕುಳ ಅದ್ದಬಾರದು, ಅದ್ದಿದರೆ ಇಕ್ಕುಳಕ್ಕೂ ತಾಮ್ರದ ಬಣ್ಣ ಬರುತ್ತದೆ. ಕಪ್ಪು ಬಿಟ್ಟ ಮೇಲೆ ಸೋಡಾಪುಡಿಯ ನೀರಿನಲ್ಲಿ ತೊಳೆದು, ಮತ್ತೆ ಬರೀ ನೀರಿನಲ್ಲಿ ತೊಳೆದು, ಒರೆಸಿ, ಕೊನೆಗೆ ಬಟ್ಟೆಯ ಚಕ್ರಕ್ಕೆ ಹಿಡಿಯಬೇಕು. ನನಗೆ ಬೆಸುಗೆ ಹಾಕುವುದಕ್ಕಿಂತ ಈ ತೊಳೆಯುವ ಕೆಲಸವೇ ಹೆಚ್ಚು ಇಷ್ಟವಾಗಿತ್ತು.

ಈ ಚೆಂಬು ಅಮ್ಮನದು. ನವರಾತ್ರಿಗೆ, ಚೌತಿಗೆ, ಮನೆಯಲ್ಲಿ ಯಾವ ಪೂಜೆಯಾದರೂ ಕಲಶಕ್ಕೆ ಇದೇ ಚೆಂಬು. ಹಬ್ಬದ ಮುನ್ನಾದಿನ ಪಾತ್ರೆಗಳನ್ನೆಲ್ಲ ಬಾವಿಕಟ್ಟೆಯ ಹತ್ತಿರ ಗುಡ್ಡೆ ಹಾಕಿ ನನ್ನನ್ನೂ ಅಕ್ಕನನ್ನೂ ತಿಕ್ಕಲು ಕೂರಿಸುತ್ತಿದ್ದ ಅಮ್ಮ, ಇದೊಂದನ್ನು ಮಾತ್ರ ನಮ್ಮ ಕೈಗೆ ಕೊಡುತ್ತಿರಲಿಲ್ಲ. ತಾನೇ ತಿಕ್ಕಿ, ತಾನೇ ಒರೆಸಿ, ಕೊರಳಿಗೆ ಮಲ್ಲಿಗೆಯ ಚೆಂಡು ಬಿಚ್ಚಿ ಆ ಮಾಲೆಯನ್ನು ದಪ್ಪಕ್ಕೆ ಸುತ್ತಿ ಇಡುತ್ತಿದ್ದಳು. ಹೂವು ಇಷ್ಟು ಯಾಕೆ ಎಂದು ಅಪ್ಪ ಗೊಣಗಿದರೆ, ದೇವರಿಗೆ ಹಾಕಿದ್ದಕ್ಕೂ ನಿಮ್ಮ ಲೆಕ್ಕಾಚಾರವೇ ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಅಕ್ಕ ಸಿಡ್ನಿಯ ಗಿರಾವೀನ್‌ನಲ್ಲಿ ಮನೆ ಕಟ್ಟಿಸಲು ಹೊರಟಾಗ ಅಮ್ಮ ಇನ್ನೂ ಇದ್ದಳು. ಫೋನಿನ ಕಾಲಿಂಗ್ ಕಾರ್ಡಿನ ದುಡ್ಡು ಮುಗಿಯುವವರೆಗೆ ಇಬ್ಬರದೂ ಅದೇ ಮಾತು: ಹೊಸ್ತಿಲು ಯಾವ ದಿಕ್ಕಿಗೆ, ಒಲೆ ಎಲ್ಲಿ, ಗೃಹಪ್ರವೇಶಕ್ಕೆ ಅಮ್ಮ ಯಾವಾಗ ಹೊರಡುವುದು. ವೀಸಾ ಕೂಡ ಬಂದಿತ್ತು. ಮನೆಗೆ ಮಾಡು ಏರುವ ಮೊದಲೇ ಅಮ್ಮ ಹೋದಳು. ಊರಿಗೆ ಹೋಗಿ ಕಾರ್ಯ ಮುಗಿಸಿ ಬರುವಾಗ ಅಕ್ಕ ಸೀರೆ ಕೇಳಲಿಲ್ಲ, ಬಳೆ ಕೇಳಲಿಲ್ಲ. ಚೆಂಬನ್ನು ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಬಂದಳು. ಅಮ್ಮ ಬರಲಿಲ್ಲ, ಅವಳ ಚೆಂಬಾದರೂ ನನ್ನ ಮನೆಯಲ್ಲಿ ಕಲಶವಾಗಿ ಕೂರಲಿ ಎಂಬುದು ಅವಳ ಆಸೆ. ಅದಕ್ಕಿಂತ ದೊಡ್ಡ ಆಸೆ ಅವಳಿಗೆ ಆ ಮನೆಯ ವಿಷಯದಲ್ಲಿ ಇರಲಿಲ್ಲ.

ಆ ಚೆಂಬು ಗೃಹಪ್ರವೇಶಕ್ಕೆ ಕೆಲವು ವಾರ ಇರುವಾಗ ಅಕ್ಕನ ಗರಾಜಿನ ಕಾಂಕ್ರೀಟಿನ ಮೇಲೆ ಬಿದ್ದು, ತಳದ ಹತ್ತಿರ ಬಾಯಿಬಿಟ್ಟಿತು.

ನಮ್ಮ ಕಡೆ ಒಡೆದದ್ದು ಭಿನ್ನ. ಭಿನ್ನವಾದದ್ದನ್ನು ದೇವರ ಮುಂದೆ ಇಡುವ ಹಾಗಿಲ್ಲ. ಅಕ್ಕ ಭಾವನಿಗೆ ಹೇಳಲಿಲ್ಲ. ಊರಿನಿಂದ ಬಂದಿದ್ದ ತನ್ನ ಅತ್ತೆಗಂತೂ ಹೇಳುವ ಮಾತೇ ಇಲ್ಲ. ತಮ್ಮನನ್ನು ನೋಡಿ ಬರುತ್ತೇನೆಂದು ವಿಮಾನ ಹತ್ತಿ ಮೆಲ್ಬರ್ನಿಗೆ ಬಂದು, ಶನಿವಾರ ಖಾಲಿಯಿದ್ದ ನಮ್ಮ ವರ್ಕ್‌ಶಾಪಿನಲ್ಲಿ ಹಳೆಯ ಸೀರೆಯಲ್ಲಿ ಸುತ್ತಿ ತಂದಿದ್ದ ಗಂಟು ಬಿಚ್ಚಿ ಚೆಂಬನ್ನು ನನ್ನ ಮುಂದಿಟ್ಟಳು. ನಾವಿಬ್ಬರೂ ಮಾತನಾಡುವುದು ತುಳುವಿನಲ್ಲಿ. ಅವಳು ಹೇಳಿದ್ದನ್ನು ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಒಡೆದದ್ದು ಅಂತ ಯಾರಿಗೂ ಗೊತ್ತಾಗ್ಬಾರ್ದು. ಅಷ್ಟು ಮಾಡಿ ಕೊಡು.”

ಹಳೆಯ ತೆಳು ತಾಮ್ರ. ಹೆಚ್ಚು ಶಾಖ ಕೊಟ್ಟರೆ ಕರಗಿ ತೂತಾಗುತ್ತದೆ. ಅದಕ್ಕೆ ಬೇಗ ಹರಿಯುವ, ಬೆಳ್ಳಿ ಬೆರೆತ ಕಡ್ಡಿಯಲ್ಲೇ ಬೆಸುಗೆ ಹಾಕಿದೆ. ಚೆಂಬು ಕರ್ರಗಾದಾಗ ಅಕ್ಕನ ಮುಖವೂ ಕಪ್ಪಾಯಿತು. ನಾನು ನಕ್ಕು, ಸುಮ್ಮನೆ ಕೂತುಕೋ ಎಂದು ಗದರಿ, ತೊಳೆಯಲು ಶುರು ಮಾಡಿದೆ. ಕಪ್ಪು ಬಿಟ್ಟು ಎಳೆಮಗುವಿನ ಅಂಗಾಲಿನ ಬಣ್ಣ ಬಂತು. ಉಜ್ಜಿದ ಮೇಲೆ ಹೊಳೆಯಿತು. ಆ ಹೊಳಪಿನ ನಡುವೆ, ತಳದ ಸುತ್ತ, ಒಂದು ಬಿಳಿ ಗೆರೆ ಉಳಿಯಿತು. ಅಕ್ಕ ಅದರ ಮೇಲೆ ಬೆರಳಾಡಿಸಿ, ಇದು ಹೋಗುವುದಿಲ್ಲವೇ ಎಂದು ಕೇಳಿದಳು. ಹೋಗುವುದಿಲ್ಲ. ತಾಮ್ರ ಕೆಂಪು, ಬೆಳ್ಳಿ ಬಿಳಿ. ತಿಕ್ಕಿದಷ್ಟೂ ಗೆರೆ ಎದ್ದು ಕಾಣುತ್ತದೆ.

ಅದಕ್ಕೂ ಒಂದು ಉಪಾಯವಿತ್ತು. ಹಳೆಯ ದಂಬೆಗೆ ಹೊಸ ತುಂಡು ಸೇರಿಸಿದಾಗ ಬಣ್ಣ ಹೊಂದಲಿ ಎಂದು ಗಂಧಕದ ದ್ರಾವಣ ಹಚ್ಚುತ್ತೇವೆ. ಕೊಳೆತ ಮೊಟ್ಟೆಯ ವಾಸನೆ. ಹಚ್ಚಿದರೆ ತಾಮ್ರವೂ ಬೆಳ್ಳಿಯೂ ಒಂದೇ ಕಡುಗಂದು ಬಣ್ಣಕ್ಕೆ ತಿರುಗುತ್ತವೆ. ಮೇಲಿನ ಭಾಗವನ್ನು ಹೊಳೆಯಲು ಬಿಟ್ಟು ತಳಕ್ಕೆ ಮಾತ್ರ ಅದನ್ನು ಹಚ್ಚಿದೆ. ಗೆರೆ ಮಾಯವಾಯಿತು. ತಳ ಕಪ್ಪಾದ ಚೆಂಬನ್ನು ದೇವರ ಮುಂದೆ ಹೇಗಿಡುವುದೆಂದು ಅಕ್ಕ ಮೊದಲು ಒಪ್ಪಲಿಲ್ಲ. ಕಲಶ ಕೂರುವುದು ಅಕ್ಕಿಯ ಮೇಲೆ, ತಳ ಯಾರು ನೋಡುತ್ತಾರೆ ಎಂದೆ. ಆಮೇಲೆ ಒಪ್ಪಿದಳು. ಹುಳಿ ಮಾತ್ರ ಮುಟ್ಟಿಸಬೇಡ, ಈ ಬಣ್ಣ ಎದ್ದುಹೋಗುತ್ತದೆ, ಬಟ್ಟೆಯಲ್ಲಿ ಒರೆಸಿದರೆ ಸಾಕು ಎಂದು ಮತ್ತೆ ಮತ್ತೆ ಹೇಳಿ ಕಳಿಸಿದೆ. ಅವಳು ಆ ದಿನ ವಿಮಾನ ನಿಲ್ದಾಣದಲ್ಲಿ ಚೆಂಬನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಗೃಹಪ್ರವೇಶಕ್ಕೆ ನಾನು ಕಾರಿನಲ್ಲೇ ಸಿಡ್ನಿಗೆ ಹೋದೆ. ಮುನ್ನಾದಿನ ಮಧ್ಯಾಹ್ನ ಅಕ್ಕನೂ ಭಾವನೂ ಹತ್ತಿರದ ಬ್ಲ್ಯಾಕ್‌ಟೌನಿನ ಒಬ್ಬರ ಮನೆಗೆ ಮಾವಿನ ಎಲೆ ತರಲು ಹೋಗಿದ್ದರು. ನಾನು ಮನೆಯ ಮುಂದೆ ತೋರಣದ ಹಗ್ಗ ಕಟ್ಟುತ್ತಿದ್ದೆ. ಸಹಾಯಕ್ಕೆಂದು ಬಂದ ಬೀದಿಯ ಆಂಟಿಯರೆಲ್ಲ ಹಿಂದಿನ ಅಂಗಳದಲ್ಲಿ ಪ್ಲಾಸ್ಟಿಕ್ ಟಬ್ಬಿನ ಸುತ್ತ ಕೂತು ದೀಪ, ತಟ್ಟೆ, ಘಂಟೆ ಎಲ್ಲವನ್ನೂ ತಿಕ್ಕುತ್ತಿದ್ದರು. ಪೂಜೆಯ ಮುನ್ನಾದಿನ ನಮ್ಮ ಹೆಂಗಸರು ನಾಲ್ಕು ಜನ ಸೇರಿದರೆ ಹುಳಿ ಹಾಕಿ ತಿಕ್ಕದೆ ಬಿಡುವ ಪಾತ್ರೆ ಉಂಟೇ? ಬೇಡವೆಂದು ಅವರಿಗೆ ಹೇಳುವವರು ಯಾರು? ಗುಟ್ಟಲ್ಲವೇ ಅದು.

ನೀರು ಕುಡಿಯಲು ಹಿಂದಕ್ಕೆ ಹೋದಾಗ ಚೆಂಬು ಒಬ್ಬರು ಆಂಟಿಯ ಕೈಯಲ್ಲಿತ್ತು. ತಳ ಎಷ್ಟು ಕಪ್ಪು ಹಿಡಿದಿತ್ತು, ತಾನು ಹೇಗೆ ಬಿಡಿಸಿದೆ ಎಂದು ಅವರು ಸಂಭ್ರಮದಿಂದ ಹೇಳಿ, ಅದನ್ನು ಬಿಸಿಲಿಗೆ ಹಿಡಿದರು. ಇಡೀ ಚೆಂಬು ಥಳಥಳ ಹೊಳೆಯುತ್ತಿತ್ತು. ತಳದ ಸುತ್ತ ಬಿಳಿ ಗೆರೆ.

ಪಕ್ಕದ ಕುರ್ಚಿಯಲ್ಲಿ ಹೂವು ಬಿಡಿಸುತ್ತಿದ್ದ ಅಕ್ಕನ ಅತ್ತೆ ಕೈಚಾಚಿ ಅದನ್ನು ತೆಗೆದುಕೊಂಡರು. ಗೆರೆಯ ಉದ್ದಕ್ಕೂ ಉಗುರು ಎಳೆದರು. ನನ್ನ ಕೆಲಸ ಅವರಿಗೆ ಗೊತ್ತು. ನನ್ನನ್ನು ಒಮ್ಮೆ ನೋಡಿದರು. ಅಷ್ಟರಲ್ಲಿ ಅಕ್ಕ ಮಾವಿನ ಎಲೆಯ ಚೀಲ ಹಿಡಿದು ಬಂದಳು. ಅತ್ತೆ ಜೋರು ಮಾಡುವವರಲ್ಲ. ಜೋರು ಮಾಡಿದ್ದರೆ ಅಕ್ಕ ಎದುರು ವಾದಿಸುತ್ತಿದ್ದಳೋ ಏನೋ.

“ಇದು ಬೇಡ ಮಗಾ. ಹೊಸ ಮನೆ ಅಲ್ವಾ. ಬೇರೆ ಇಡುವ,” ಎಂದರು ಮೆಲ್ಲಗೆ.

ಅಕ್ಕ ಹೂಂ ಎಂದಳು. ಚೆಂಬು ತಿಕ್ಕಿದ ಆಂಟಿಗೆ ಏನಾಯಿತೆಂದು ಪೂರ್ತಿ ಅರ್ಥವಾಗಲಿಲ್ಲ, ಆದರೂ ತನ್ನಿಂದ ಏನೋ ಕೆಟ್ಟಿತೆಂದು ತಿಳಿದು ಓಡಿಹೋಗಿ ತಮ್ಮ ಮನೆಯ ಚೆಂಬು ತಂದುಕೊಟ್ಟರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನಾನು ಬಹಳ ಪ್ರಯತ್ನಪಟ್ಟೆ. ಆಗಲಿಲ್ಲ. ಮರುದಿನ ಬೆಳಿಗ್ಗೆ ಅಕ್ಕ, ಭಾವ ಹಸೆಯ ಮೇಲೆ ಕೂತರು. ಕಲಶ ಚೆನ್ನಾಗಿಯೇ ಇತ್ತು. ಅಕ್ಕ ಭಟ್ಟರು ಹೇಳಿದಾಗಲೆಲ್ಲ ಅಕ್ಷತೆ ಹಾಕಿದಳು, ಕಣ್ಣೆತ್ತಿ ಅದನ್ನು ನೋಡಲಿಲ್ಲ. ಹಾಲು ಉಕ್ಕುವಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಅತ್ತದ್ದು ಹೋಮದ ಹೊಗೆಗೆ ಎಂದುಕೊಂಡರು.

ನಾನು ಹೊರಡುವಾಗ ಅಕ್ಕ ಚೆಂಬನ್ನು ತಂದು ಕಾರಿನ ಹಿಂದಿನ ಸೀಟಿನಲ್ಲಿಟ್ಟು, ಇದು ಇಲ್ಲಿದ್ದರೆ ಕಣ್ಣಿಗೆ ಕಾಣುತ್ತಿರುತ್ತದೆ, ನೀನೇ ಇಟ್ಟುಕೋ ಎಂದಳು. ಇಟ್ಟುಕೊಂಡೆ. ವರ್ಷಗಳು ಹೋದವು. ಚೆಂಬು ತನ್ನಷ್ಟಕ್ಕೆ ಮಂಕಾಯಿತು. ಒಂದು ದಿನ ಕೆಲಸ ಕಡಿಮೆಯಿತ್ತು. ಅದರೊಳಗೆ ಗಟ್ಟಿ ಕಟ್ಟಿದ್ದ ಬಾವಿನೀರಿನ ಸುಣ್ಣವನ್ನಾದರೂ ತೆಗೆಯೋಣ ಎಂದು ವರ್ಕ್‌ಶಾಪಿಗೆ ಒಯ್ದು ಚೆಂಬನ್ನು ಪೂರ್ತಿ ಆಸಿಡ್ಡಿನ ತೊಟ್ಟಿಯಲ್ಲಿ ಮುಳುಗಿಸಿದೆ. ಹಿಂದೆ ನಾನು ತಳವನ್ನಷ್ಟೇ ಅದರಲ್ಲಿ ಅದ್ದಿದ್ದೆ, ಕೊರಳಿನ ಕಡೆ ತಲೆ ಹಾಕಿರಲಿಲ್ಲ. ಸುಣ್ಣ ಕರಗಿತು. ಕೊರಳಿನ ಒಳಗೆ ಬೆರಳಗಲದ ಒಂದು ತಾಮ್ರದ ತೇಪೆ, ಅದರ ಸುತ್ತ ಹಿತ್ತಾಳೆಯ ಹಳದಿ ಬೆಸುಗೆ. ಕೈಯಲ್ಲಿ ಮಾಡಿದ ಒರಟು ಕೆಲಸ, ನನಗಿಂತ ಹಳೆಯದಿರಬೇಕು. ಹೊರಗಡೆ, ಅಲಂಕಾರದ ಗೆರೆಯೆಂದು ನಾನು ತಿಳಿದದ್ದು ಬಿರುಕು. ಸರಿಯಾಗಿ ಅಮ್ಮ ಮಲ್ಲಿಗೆ ಸುತ್ತುತ್ತಿದ್ದ ಜಾಗದಲ್ಲಿ.

ನಮ್ಮ ಬಾಲ್ಯದ ಹಬ್ಬಗಳಲ್ಲೆಲ್ಲ ದೇವರ ಮುಂದೆ ಕೂತದ್ದು ಭಿನ್ನವಾದ ಚೆಂಬೇ. ದೇವರು ಒಂದು ಮಾತೂ ಆಡಿರಲಿಲ್ಲ.

ಸಂಜೆ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಈ ಸಲದ ನವರಾತ್ರಿಗೆ ಇಡು, ಅಮ್ಮನೇ ಇಟ್ಟ ಮೇಲೆ ಯಾರು ಏನು ಹೇಳುತ್ತಾರೆ, ನಾನೇ ತಂದುಕೊಡುತ್ತೇನೆ ಎಂದೆಲ್ಲ ಒಂದೇ ಉಸಿರಿಗೆ ಹೇಳಿದೆ. ಬೇಡ ಎಂದಳು. ಗೃಹಪ್ರವೇಶ ಆಗಿಹೋಯಿತಲ್ಲ, ಅದು ಇನ್ನೊಮ್ಮೆ ಬರುವುದಿಲ್ಲ ಎಂದಳು. ಚೆಂಬನ್ನು ತಿಕ್ಕದೆ ಹಾಗೆಯೇ ಇಡು, ಕಂದು ಹಿಡಿಯಲಿ ಎಂದಳು. ಈಗ ಅದರ ಎರಡು ಬೆಸುಗೆಯೂ ಯಾರಿಗೂ ಕಾಣುವುದಿಲ್ಲ.

ಆ ಸಂಜೆ ಮಾತು ಮುಗಿಯಿತೆಂದು ನಾನು ಫೋನ್ ಇಡುವುದರಲ್ಲಿದ್ದೆ.

“ಅಮ್ಮ ನನಗೊಬ್ಬಳಿಗಾದ್ರೂ ಹೇಳ್ಬಹುದಿತ್ತು,” ಎಂದಳು ಅಕ್ಕ.