ಏಣಿ ಮಾವ

ಗಡಿ ಪಕ್ಕದ ಪೆಟ್ರೋಲ್ ಬಂಕಿನಲ್ಲಿ ದರದ ಹಲಗೆಯ ಅಂಕಿ ಬದಲಿಸುವವರನ್ನು ಎಲ್ಲರೂ ಏಣಿ ಮಾವ ಎನ್ನುತ್ತಾರೆ. ನೆರೆದೇಶಕ್ಕೆ ಹೊರಗಿನ ಸೈನ್ಯ ನುಗ್ಗಿದಾಗಿನಿಂದ ಅವರು ನೆಲದ ಮೇಲಿರುವುದಕ್ಕಿಂತ ಏಣಿಯ ಮೇಲಿರುವುದೇ ಹೆಚ್ಚು. ಮಧ್ಯಾಹ್ನದ ಊಟವನ್ನೂ ಅಲ್ಲೇ ಮುಗಿಸುತ್ತಾರೆಂದು ಆಟೋದವರು ಆಣೆ ಮಾಡುತ್ತಾರೆ. ಯುದ್ಧ ಹೂಡಿದ್ದೇ ಅವರೆಂಬಂತೆ ಸಾಲಿನಲ್ಲಿ ನಿಂತವರು ಬೈಯುತ್ತಾರೆ. "ಬೈರಿ ಸ್ವಾಮಿ, ಬೈದು ಹಗುರಾಗಿ. ಏಣಿ ಮಾತ್ರ ಅಲ್ಲಾಡಿಸ್ಬೇಡಿ," ಎಂದು ಮಂಡಿ ನೀವಿಕೊಂಡು ಮತ್ತೆ ಹತ್ತುತ್ತಾರೆ. ಮೊನ್ನೆ, ಆಚೆಯ ತೈಲಬಾವಿಗಳ ಊರು ಸೈನ್ಯದ ವಶವಾಯಿತು, ಮಾರುಕಟ್ಟೆ ನಿರಾಳವಾಯಿತು ಎಂದು ಟಿವಿ ಹೇಳಿತು, ದರ ಇಳಿಯಿತು. ಸಾಲಿಗೆ ಸಾಲೇ ಚಪ್ಪಾಳೆ ತಟ್ಟಿತು. ಮಾವ ಹೊಸ ಅಂಕಿ ಸಿಕ್ಕಿಸಿದವರು ಇಳಿಯದೆ ಗಡಿಯಾಚೆಗೇ ನೋಡುತ್ತ ನಿಂತರು. "ಇಳೀರಿ ಮಾವ, ಇನ್ನೇನು ನೋಡ್ತೀರಿ?" ಎಂದೆ. "ಮಗಳನ್ನ ಕೊಟ್ಟಿರೋ ಊರು ಕಣಪ್ಪ ಅದು," ಎಂದರು, "ಫೋನ್ ಹೋಗ್ತಿಲ್ಲ."